ಕೆಮ್ಮುವ ಗಿಳಿ ಹೊತ್ತು ಸಿರುಗುಪ್ಪಕ್ಕೆ

ಬಳ್ಳಾರಿ ಬಸ್‌ಸ್ಟ್ಯಾಂಡಿಗೆ ನಾವು ಬಂದಾಗ ಚಹಾದಂಗಡಿಯವನು ಇನ್ನೂ ಒಲೆ ಹಚ್ಚುತ್ತಿದ್ದ. ನಾವು ಎಂದರೆ ನಾನು, ನನ್ನ ಹೆಂಡತಿ ಜೈತುನ್, ಮತ್ತು ಅವಳ ಕೈಯ ಪಂಜರದಲ್ಲಿದ್ದ ಎರಡು ಗಿಳಿಗಳು, ಮಿಠ್ಠು ಮತ್ತು ರಾಣಿ. ಸಂಕ್ರಾಂತಿಗೆ ಮುಂಚಿನ ಚಳಿ, ಬಾಯಿ ತೆರೆದರೆ ಹೊಗೆ ಬರುತ್ತಿತ್ತು. ಪಂಜರಕ್ಕೆ ನಾನೇ ಹೊಲಿದ ಮುಸುಕು ಹಾಕಿದ್ದೆವು. ಕುರುಗೋಡಿನ ಬಸ್ಸು ಹತ್ತಿದ್ದೇ ತಡ, ಕಂಡಕ್ಟರ್ ಬಂದು ಮುಸುಕಿನ ತುದಿ ಎತ್ತಿ ನೋಡಿದ.

"ಪಂಜರಕ್ಕ ಲಗೇಜ್ ಟಿಕೆಟ್ ಆಗತೈತ್ರಿ."

"ತೊಡಿ ಮ್ಯಾಲೆ ಕುಂತ ಕೂಸಿಗೂ ಟಿಕೆಟ್ ಹರೀತೀರೇನಪ್ಪಾ?" ಎಂದಳು ಜೈತುನ್.

"ಕೂಸಿಗೆ ರೆಕ್ಕಿ ಇರೋದಿಲ್ಲವ್ವ," ಎಂದು ಅವನು ಟಿಕೆಟ್ ಹರಿದೇಬಿಟ್ಟ. ಹಿಂದಿನ ಸೀಟಿನವರೆಲ್ಲ ನಕ್ಕರು. ಜೈತುನ್ ಮಾತ್ರ ಕುರುಗೋಡಿನವರೆಗೂ ಅವನನ್ನು ದುರುಗುಟ್ಟಿ ನೋಡುತ್ತಲೇ ಇದ್ದಳು.

ನಾವು ಹೊರಟಿದ್ದು ಮಿಠ್ಠುವಿನ ಕೆಮ್ಮಿನ ಸಲುವಾಗಿ. ನಾನು ಟೇಲರ್. ಮೊದಲು ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದೆ. ಕಬ್ಬಿಣದ ಅದಿರಿನ ಗಣಿಗಳ ಕಾಲ ಬಂದು ಊರ ತುಂಬ ಲಾರಿಗಳಾದ ಮೇಲೆ, ಲಾರಿಯ ಮೇಲೆ ಹೊದಿಸುವ ತಾಡಪತ್ರಿ ಹೊಲಿಯುವ ಕೆಲಸ ಹಿಡಿದೆ. ಹೊಸದಕ್ಕಿಂತ ಹರಿದು ಬರುವವೇ ಹೆಚ್ಚು. ಬಂದ ತಾಡಪತ್ರಿಯ ಮಡಿಕೆ ಮಡಿಕೆಯಲ್ಲೂ ಕೆಂಪು ಧೂಳು. ಅದನ್ನು ಹಿತ್ತಲಲ್ಲಿ ಹಗ್ಗಕ್ಕೆ ಹಾಕಿ ಕೋಲಿನಿಂದ ಬಡಿದು ಝಾಡಿಸಿ ಕೊಡುವುದು ಜೈತುನಳ ಪಾಲಿನ ಕೆಲಸ. ಆಮೇಲೆ ಅದು ನನ್ನ ಮಷೀನಿಗೆ ಬರುತ್ತದೆ. ಗಿಳಿಗಳ ಪಂಜರ ಅದೇ ಹಿತ್ತಲಿನ ಸೀಬೆ ಗಿಡಕ್ಕೆ ತೂಗುತ್ತದೆ.

ಮಿಠ್ಠು ಮಾತಿನ ಮಲ್ಲ. ಲಾರಿ ಕ್ಲೀನರುಗಳಿಂದ ಕಲಿತ "ರೈಟ್ ರೈಟ್, ಬರ್ಲಿ ಬರ್ಲಿ" ದಿನವಿಡೀ ನಡೆಯುತ್ತಿತ್ತು. ರಾಣಿ ಮಾತಾಡುವುದಿಲ್ಲ, ಕಚ್ಚುತ್ತದೆ ಅಷ್ಟೇ. ಈ ಚಳಿಗಾಲ ಶುರುವಾದಂತೆ ಮಿಠ್ಠುವಿನ ಮಾತೆಲ್ಲ ನಿಂತು ಬರೀ ಕೆಮ್ಮು ಹತ್ತಿಕೊಂಡಿತು. ಒಣ ಕೆಮ್ಮು, ಎರಡು ಮೂರು ಸಲ ಕೆಮ್ಮಿ, ಕೊನೆಗೆ ಸಣ್ಣ ದನಿಯಲ್ಲಿ "ಯಾ ಅಲ್ಲಾ" ಎನ್ನುವುದು. ಪಾಪ, ಮೂಕಪ್ರಾಣಿ ದೇವರನ್ನೇ ಕರೆಯುವಷ್ಟು ನೋವು ತಿನ್ನುತ್ತಿದೆಯಲ್ಲ ಎಂದು ಗಂಡ ಹೆಂಡತಿ ಮರುಗಿದ್ದೇ ಮರುಗಿದ್ದು! ಜೈತುನ್ ಓಮಿನ ಕಷಾಯ, ತುಳಸಿ ರಸ, ಜೇನುತುಪ್ಪ ಎಲ್ಲ ಮಾಡಿದಳು. ಮಿಠ್ಠು ಬಟ್ಟಲನ್ನು ಕೊಕ್ಕಿನಿಂದ ಎತ್ತಿ ಒಗೆಯುತ್ತಿತ್ತು. ಚೆಲ್ಲುವುದೇಕೆಂದು ಉಳಿದದ್ದನ್ನು ಅವಳೇ ಕುಡಿಯುತ್ತಿದ್ದಳು. ಕೊನೆಗೆ, ಧೂಳಿಲ್ಲದ ಕಡೆ ಇಟ್ಟರೆ ಬದುಕೀತು ಎಂದು, ಸಿರುಗುಪ್ಪದಲ್ಲಿರುವ ಅವಳ ತಂಗಿ ರಜಿಯಾಳ ಮನೆಯಲ್ಲಿ ಗಿಳಿಗಳನ್ನು ಬಿಟ್ಟುಬರುವುದೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವಳು ಅವಳೇ, ಆಮೇಲೆ ಎರಡು ದಿನ ಊಟ ಬಿಟ್ಟವಳೂ ಅವಳೇ.

ನೇರ ಸಿರುಗುಪ್ಪದ ಬಸ್ಸು ಹತ್ತಬಹುದಿತ್ತು. ಆದರೆ ಚಳಿಗಾಲದಲ್ಲಿ ಬಿಡುವಾದಾಗಲೆಲ್ಲ ಗಿಳಿಗಳೊಂದಿಗೆ ಯಾವುದಾದರೊಂದು ಗುಡ್ಡ ಹತ್ತುವುದು ನಮ್ಮ ರೂಢಿ. ಬಳ್ಳಾರಿಯ ಕೋಟೆ ಗುಡ್ಡದಲ್ಲಿ ನಮ್ಮನ್ನು ಕಂಡವರು "ಗಿಳಿಶಾಸ್ತ್ರ ಹೇಳ್ತೀರೇನು?" ಎಂದು ಕೈ ಚಾಚಿದ್ದೂ ಉಂಟು. ಗಿಳಿಗಳು ಹುಟ್ಟುವುದು ಬಂಡೆಯ ಸಂದಿಯಲ್ಲಿ, ಹೀಗಾಗಿ ಗುಡ್ಡವೇ ಅವುಗಳ ತವರುಮನೆ ಎಂಬುದು ಜೈತುನಳ ವಾದ. "ಬಿಟ್ಟು ಬರೋದಕ್ಕ ಮುಂಚೆ ಒಂದ್ಸಲ ಕುರುಗೋಡ ಗುಡ್ಡ ತೋರಿಸಿಬಿಡೋಣ್ರಿ," ಎಂದಿದ್ದಳು. ನಾನೂ ಹೂಂ ಎಂದೆ.

ಕೊಳಗಲ್ಲು ದಾಟಿದ ಮೇಲೆ ಗಾಳಿಯ ಬಣ್ಣ ಬದಲಾಯಿತು. ಊರಲ್ಲಿ ಬೇವಿನ ಎಲೆಯೂ ಕೆಂಪು. ಇಲ್ಲಿ ಮೆಣಸಿನ ಹೊಲ, ಹತ್ತಿ ಹೊಲ ಅವುಗಳದೇ ಬಣ್ಣದಲ್ಲಿದ್ದವು. ತಲೆಯ ಮೇಲೆ ಯಾರೋ ಗಣಿ ಸಾಹುಕಾರರ ಹೆಲಿಕಾಪ್ಟರ್ ಹೋಯಿತು. ಬಸ್ಸಿನಲ್ಲಿದ್ದ ಯಾರೂ ತಲೆ ಎತ್ತಿ ನೋಡಲಿಲ್ಲ, ಅಷ್ಟು ರೂಢಿಯಾಗಿತ್ತು.

ಕುರುಗೋಡಿನಲ್ಲಿ ಇಳಿದು ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ತಿಂದೆವು. ಮಿರ್ಚಿ ಎಣ್ಣೆಯಿಂದ ಆಗಷ್ಟೇ ಎದ್ದದ್ದು, ಕಚ್ಚಿದರೆ ಮೂಗಿನಲ್ಲಿ ನೀರು. ಅಂಗಡಿಯವನು ಗಿಳಿಗಳಿಗೆಂದು ಎರಡು ಹಸಿಮೆಣಸಿನಕಾಯಿ ಪುಕ್ಕಟೆ ಕೊಟ್ಟ. ಕಂಡಕ್ಟರನ ಮೇಲಿನ ಸಿಟ್ಟು ಆಗ ಇಳಿಯಿತು ನನ್ನವಳಿಗೆ.

ಗುಡ್ಡದ ಮೇಲೆ ಹಳೆಯ ಕೋಟೆಯ ಗೋಡೆಗಳಿವೆ. ಆನೆಗಾತ್ರದ ಬಂಡೆಗಳ ನಡುವೆ ದಾರಿ. ಪಂಜರ ನಾನು ಹಿಡಿದೆ, ರೊಟ್ಟಿ ಬುತ್ತಿ ಅವಳು. ಹೋದ ವರ್ಷ ನನಗಿಂತ ಮುಂದೆ ಹತ್ತಿ ನಿಂತು "ಬರ್ರಿ ಬರ್ರಿ, ಮುದುಕಪ್ಪಾ" ಎಂದು ಛೇಡಿಸಿದವಳು ಈ ಸಲ ಮತ್ತೆ ಮತ್ತೆ ಕುಳಿತಳು. ಕುಳಿತಾಗ ಅವಳು ಒಂದೆರಡು ಸಲ ಕೆಮ್ಮಿದಳು. ಬಳ್ಳಾರಿಯಲ್ಲಿ ಕೆಮ್ಮದವರು ಯಾರಿದ್ದಾರೆ? ಅದರ ಬೆನ್ನಿಗೇ ಪಂಜರದಲ್ಲಿ ಮಿಠ್ಠುವೂ ಕೆಮ್ಮಿ "ಯಾ ಅಲ್ಲಾ" ಎಂದಿತು.

"ಗುಡ್ಡದ ಗಾಳಿಗೂ ಇದರ ಕೆಮ್ಮು ಬಗ್ಗಲಿಲ್ಲಲ್ಲೇ," ಎಂದೆ.

"ಲಗೂನ ನಡೀರಿ, ಬಿಸಿಲಿಗೆ ಹಿಡಿಯೋಣ ಅದನ್ನ," ಎಂದು ಮೊಣಕಾಲಿಗೆ ಕೈಯೂರಿ ಎದ್ದಳು.

ಮೇಲೆ ಬಂಡೆಯ ಮೇಲೆ ಬಿಸಿಲು ಹಿತವಾಗಿತ್ತು. ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. ಕಾಡು ಗಿಳಿಗಳ ಹಿಂಡೊಂದು ಕಿರುಚುತ್ತ ಕೋಟೆಯ ಗೋಡೆಗೆ ಬಂದು ಕೂತಿತು. ನಮ್ಮ ರಾಣಿ ಕತ್ತು ಉದ್ದ ಮಾಡಿ ಜವಾಬು ಕೊಟ್ಟಿತು. ಮಿಠ್ಠು ಮಾತ್ರ ಸರಳು ಹಿಡಿದು ಸುಮ್ಮನೆ ನೋಡಿತು. ಜೈತುನ್ ಪಂಜರವನ್ನು ತಬ್ಬಿಕೊಂಡು ಅತ್ತೇಬಿಟ್ಟಳು. "ಇದ್ನ ಉಳಿಸ್ಕೊಡಪ್ಪಾ ದೇವರೇ, ನನಗ ಇನ್ನೇನೂ ಬ್ಯಾಡ," ಎಂದಳು. ಆದರೂ ಹೇಳುತ್ತೇನೆ, ಆ ಮಧ್ಯಾಹ್ನ ನಾವು ಸುಖವಾಗಿಯೇ ಇದ್ದೆವು. ಅವಳು ನನ್ನ ಭುಜಕ್ಕೆ ಒರಗಿ ಒಂದಷ್ಟು ಹೊತ್ತು ನಿದ್ದೆ ಮಾಡಿದಳು.

ಬಿಸಿಲು ಇಳಿಯುವ ಹೊತ್ತಿಗೆ ಗುಡ್ಡ ಇಳಿದು ಬಂದು ಸಿರುಗುಪ್ಪದ ಬಸ್ಸು ಹಿಡಿದೆವು. ಬಾದನಹಟ್ಟಿಯಲ್ಲಿ ಮೆಣಸಿನಕಾಯಿ ಚೀಲದೊಂದಿಗೆ ಒಬ್ಬರು ಹತ್ತಿದರು, ಬಸ್ಸಿಗೆ ಬಸ್ಸೇ ಸೀನಿತು. ಸಿರಿಗೇರಿಯಲ್ಲಿ ಅರ್ಧ ಜನ ಇಳಿದರು. ಅಲ್ಲಿಂದ ಮುಂದೆ ಎರಡೂ ಕಡೆ ಭತ್ತದ ಗದ್ದೆ, ಕೊಯ್ದ ಕೂಳೆ, ಕಾಲುವೆ, ಬೆಳ್ಳಕ್ಕಿ. ಜೈತುನ್ ಕಿಟಕಿಯ ಹತ್ತಿರ ಪಂಜರ ಹಿಡಿದು, "ನೋಡೋ ಮಿಠ್ಠು, ನೀನು ಇರೋ ಊರು," ಎಂದು ಒಂದೊಂದೇ ತೋರಿಸುತ್ತ ಬಂದಳು.

ರಜಿಯಾ ಬಾಗಿಲಲ್ಲೇ ಕಾಯುತ್ತಿದ್ದಳು. ಗಿಳಿ ನೋಡುವ ಮೊದಲು ಅಕ್ಕನ ಮುಖ ನೋಡಿದಳು. "ಇದೇನಕ್ಕಾ ಹಿಂಗ ಸೊರಗಿ? ಭಾವಾ, ಊಟ ಹಾಕೋದಿಲ್ಲೇನ್ರಿ ನಮ್ಮಕ್ಕಗ?"

"ಗಿಳಿ ಚಿಂತ್ಯಾಗ ಅಕಿ ಊಟ ಬಿಟ್ಟಾಳ," ಎಂದೆ. ನಾನು ನಂಬಿದ್ದೂ ಅದನ್ನೇ.

ಮಾರನೆಯ ಬೆಳಿಗ್ಗೆ, ರಜಿಯಾಳ ಕೈಗೆ ಒಪ್ಪಿಸುವ ಮುಂಚೆ ಒಮ್ಮೆ ತೋರಿಸಿಬಿಡೋಣವೆಂದು ಮೂವರೂ ಪಂಜರ ಹಿಡಿದು ದನದ ದವಾಖಾನೆಗೆ ಹೋದೆವು. ಎಮ್ಮೆ, ಆಡುಗಳ ಸಾಲಿನಲ್ಲಿ ನಾವೂ ನಿಂತೆವು. ಡಾಕ್ಟರು ವಯಸ್ಸಾದವರು. ಮಿಠ್ಠುವನ್ನು ಟವೆಲಿನಲ್ಲಿ ಹಿಡಿದು ಕೊಕ್ಕು ತೆರೆಸಿದರು, ಎದೆ ಮುಟ್ಟಿದರು, ರೆಕ್ಕೆ ಬಿಡಿಸಿದರು. ಮಿಠ್ಠು ಅವರ ಹೆಬ್ಬೆರಳು ಕಚ್ಚಿತು.

"ಎಷ್ಟು ಗಟ್ಟಿ ಐತ್ರಿ ಇದು! ಇದಕ್ಕ ಯಾವ ರೋಗ?"

"ಕೆಮ್ಮತೈತಿ ಸಾರ್. ಕೆಮ್ಮಿ ಕೆಮ್ಮಿ ಸಾಯೋ ಹಂಗ ಆಗೈತಿ," ಎಂದೆ.

ಅಷ್ಟರಲ್ಲಿ ಮಿಠ್ಠು ಪಂಜರ ಸೇರಿ ಕೆಮ್ಮಿತು, "ಯಾ ಅಲ್ಲಾ" ಎಂದಿತು. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ಗಿಳಿಗೆ ರೋಗ ಬಂದ್ರ ಹಿಂಗ ಮನುಷಾರ ಹಂಗ ಕೆಮ್ಮೋದಿಲ್ರಿ. ಇದು ಕಲ್ತಿದ್ದು. ನಿಮ್ಮನ್ಯಾಗ ಕೆಮ್ಮೋರು ಯಾರು?"

ಯಾರು ಎಂದು ನಾನು ನಿಜವಾಗಿಯೂ ಯೋಚಿಸುತ್ತ ನಿಂತೆ. ರಜಿಯಾ ಅಕ್ಕನ ಕಡೆ ತಿರುಗಿದಳು. ಜೈತುನ್ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು, ಭುಜಗಳು ಅದುರುತ್ತಿದ್ದವು. ತಡೆಯಲಾರದೆ ಕೆಮ್ಮಿದಳು. ಎರಡು ಸಲ, ಮೂರು ಸಲ. ಆಮೇಲೆ ಸಣ್ಣ ದನಿಯಲ್ಲಿ, "ಯಾ ಅಲ್ಲಾ."

ದಿನವಿಡೀ ಮಷೀನಿನ ಸದ್ದಿನಲ್ಲಿ ಕೂತವನಿಗೆ ಹಿತ್ತಲಿನ ಕೆಮ್ಮು ಕೇಳಿರಲಿಲ್ಲ. ಮಷೀನು ನಿಂತಾಗ ಕೇಳಿದ್ದು ಗಿಳಿಯದು. ಡಾಕ್ಟರು ನಗು ನಿಲ್ಲಿಸಿ, "ಗಿಳೀನ ಮನಿಗೆ ಕಳಸ್ರಿ, ಇವರನ್ನ ಮನುಷಾರ ದವಾಖಾನಿಗೆ ಕರ್ಕೊಂಡು ಹೋಗ್ರಿ, ಈಗಲೇ," ಎಂದರು.

"ನನಗೇನೂ ಆಗಿಲ್ರಿ, ಬರೀ ಧೂಳು," ಎಂದು ಜೈತುನ್ ದಾರಿಯುದ್ದಕ್ಕೂ ಹಟ ಮಾಡಿದಳು. ಅಲ್ಲಿ ಎದೆಯ ಫೋಟೋ ತೆಗೆದರು, ಕಫವನ್ನು ಪರೀಕ್ಷೆಗೆ ಕೊಟ್ಟೆವು. ಸಂಜೆಯವರೆಗೆ ಬೆಂಚಿನ ಮೇಲೆ ಕೂತು ನಾನು ಪಟ್ಟ ಪಾಡು ನನ್ನ ವೈರಿಗೂ ಬೇಡ. ಕೊನೆಗೆ ಅಲ್ಲಿಯ ಡಾಕ್ಟರಮ್ಮ ಕರೆದು, ಕ್ಷಯ ಅಲ್ಲ ಎಂದರು. ಧೂಳು ಕುಡಿದು ಎದೆ ಕೆಟ್ಟಿದೆ, ಬೇಗ ಬಂದಿದ್ದೀರಿ, ಗುಣವಾಗುತ್ತದೆ. ಆದರೆ ಈ ಚಳಿಗಾಲ ಕಳೆಯುವವರೆಗೆ ಬಳ್ಳಾರಿಯ ಧೂಳೂ ಬೇಡ, ಗಿಳಿಯ ಪುಕ್ಕವೂ ಬೇಡ. ನಾನು ಆ ತಾಯಿಗೆ ಎರಡು ಸಲ ಕೈಮುಗಿದೆ.

ಹೀಗೆ ಗಿಳಿಗಳನ್ನು ಬಿಟ್ಟು ಹೆಂಡತಿಯನ್ನು ಕರೆತರಲು ಹೊರಟಿದ್ದವನು, ಹೆಂಡತಿಯನ್ನು ಬಿಟ್ಟು ಗಿಳಿಗಳನ್ನು ಕರೆತರಬೇಕಾಯಿತು.

ಮೂರನೆಯ ದಿನ ಬಸ್‌ಸ್ಟ್ಯಾಂಡಿಗೆ ಅಕ್ಕತಂಗಿಯರಿಬ್ಬರೂ ಬಂದರು. ಜೈತುನ್ ಪಂಜರದಿಂದ ಎರಡು ಮಾರು ದೂರ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. "ಮೆಣಸಿನಕಾಯಿ ಹಸೀದು ಕೊಡ್ರಿ, ಬಾಡಿದ್ದು ರಾಣಿ ಮುಟ್ಟೋದಿಲ್ಲ. ಹಿತ್ತಲದಾಗ ತೂಗಹಾಕಬ್ಯಾಡ್ರಿ. ನೀರು ದಿನಾ ಬದಲಿಸ್ರಿ."

"ನನಗ ಏನೂ ಹೇಳೋದಿಲ್ಲೇನು?"

"ನಿಮಗೇನು, ಬಾಯಿ ಐತಿ, ಕೇಳಿ ಉಣ್ತೀರಿ," ಎಂದಳು. ಅಂದವಳು ಹತ್ತಿರ ಬಂದು ನನ್ನ ಅಂಗಿಯ ಕಾಲರ್ ಸರಿಮಾಡಿದಳು. "ಗಿಡದ ಕೆಳಗ ಇನ್ನೂ ಎರಡು ತಾಡಪತ್ರಿ ಅದಾವು. ನೀವು ಝಾಡಸಬ್ಯಾಡ್ರಿ ಮತ್ತ."

"ನಾನು ಮುಟ್ಟೋದಿಲ್ಲ. ಇನ್ಮ್ಯಾಲೆ ಲಾರಿಯವರು ತೊಳೆದು ತಂದ್ರಷ್ಟೇ ಹೊಲಿಯೋದು," ಎಂದೆ. ಬಸ್ಸು ಹೊರಟಾಗ ಅವಳು ಕೈ ಬೀಸಿದ್ದು ನನಗೋ ಗಿಳಿಗಳಿಗೋ ತಿಳಿಯಲಿಲ್ಲ. ನಾನು ನನಗೇ ಎಂದುಕೊಂಡೆ.

ಈ ಸಲ ನೇರ ಬಸ್ಸು. ಪಕ್ಕದ ಸೀಟಿನಲ್ಲಿ ಪಂಜರ ಇಟ್ಟುಕೊಂಡು, ಕೇಳುವ ಮೊದಲೇ ಲಗೇಜ್ ಟಿಕೆಟ್ ತೆಗೆಸಿದೆ. ಬಳ್ಳಾರಿ ಹತ್ತಿರವಾದಂತೆ ರಸ್ತೆಯ ಅಂಚು ಕೆಂಪಾಗುತ್ತ ಬಂತು. ಕಿಟಕಿ ಮುಚ್ಚಿದೆ. ಅವಳು ಅಲ್ಲಿ ಕಾಲುವೆಯ ಗಾಳಿಯಲ್ಲಿದ್ದಾಳೆ ಎಂಬ ಸಮಾಧಾನ ಎದೆಯ ತುಂಬ ಇತ್ತು, ಹಸಿವೂ ಚೆನ್ನಾಗಿ ಆಗಿತ್ತು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. ಬೀಗ ತೆಗೆದು ಪಂಜರವನ್ನು ಒಳಗೆ ಗೂಟಕ್ಕೆ ತೂಗುಹಾಕಿ ಕಿಟಕಿ ತೆರೆದೆ. ಮಿಠ್ಠು ಮೈ ಕೊಡವಿ, ಎರಡು ಮೂರು ಸಲ ಕೆಮ್ಮಿ, "ಯಾ ಅಲ್ಲಾ" ಎಂದಿತು. ಗೋಡೆಯಾಚೆ ಪಾತ್ರೆ ತಿಕ್ಕುವ ಸದ್ದು ನಿಂತಿತು. ಪಕ್ಕದ ಮನೆಯ ಈರಮ್ಮ ಅಲ್ಲಿಂದಲೇ ಕೂಗಿದಳು:

"ಬಂದ್ಯೇನ ಜೈತುನಕ್ಕಾ? ಕೆಮ್ಮು ಕೇಳೇ ಗೊತ್ತಾತು ನೋಡವ್ವ. ದಸರಾದಿಂದ ಹೇಳಾಕ ಹತ್ತೀನಿ, ದವಾಖಾನಿಗೆ ತೋರಿಸ್ಕೋ ಅಂತ. ತೋರಿಸಿದ್ಯೇನು?"

ನಾನು ಕಿಟಕಿಯ ಹತ್ತಿರ ನಿಂತೆ.

"ತೋರಿಸೀವಿ ಈರಮ್ಮ," ಎಂದೆ. "ಈಗ ಕೆಮ್ಮಿದ್ದು ಗಿಳಿ. ಅಕಿ ಆರಾಮಾಗಿ ಬರ್ತಾಳ."