ಮುಲ್ತವಿ ಅಂದಿದ್ದರು, ಮಾಫ್ ಅಂದೆ

ಸರಕಾರ ಹೇಳಿದ್ದು ಮುಲ್ತವಿ. ನಾನು ಕೂಗಿದ್ದು ಮಾಫ್. ಅಂಬಿಗರ ಮಲ್ಲಪ್ಪನನ್ನು ಕೊಂದದ್ದು ಈ ಎರಡು ಮಾತಿನ ನಡುವಿನ ಸಂದು — ಛೇ, ಮಾತಿನ ಮೇಲೆ ಯಾಕೆ ಹಾಕಲಿ. ಕೊಂದವನು ನಾನು. ಇದೊಂದನ್ನು ಇಷ್ಟು ವರ್ಷ ಯಾರೆದುರೂ ಆಡಿಲ್ಲ. ಉಳಿದದ್ದೆಲ್ಲ ಆಡಿದ್ದೇನೆ.

ನಿಜಾಮನ ಆಳಿಕೆಯ ಕೊನೆಗಾಲ. ತಹಸೀಲ ಕಚೇರಿಯಲ್ಲಿ ನಾನು ಕೂಗುವ ಜವಾನ. ಕಚೇರಿಯ ಮಾತು ಉರ್ದು, ಊರಿನ ಮಾತು ಕನ್ನಡ, ನಡುವೆ ನಾನು. ಹಲಗೆ ಬಡಿದು ಜನ ಕೂಡಿದ ಮೇಲೆ ಸರಕಾರದ ಹುಕುಮನ್ನು ಕನ್ನಡ ಮಾಡಿ ಹೇಳುವುದು ನನ್ನ ನೌಕರಿ. ಅಜ್ಜಿಯ ಮಗ್ಗುಲಲ್ಲಿ ಮಲಗಿ ಕಥೆ ಕೇಳುತ್ತ ಬೆಳೆದವನು. ಯಾವ ಮಾತಿಗೆ ಜನ ಕಣ್ಣರಳಿಸುತ್ತಾರೆ ಅನ್ನುವುದು ಚೆನ್ನಾಗಿ ಗೊತ್ತಿತ್ತು. ಆ ಗೊತ್ತೇ —

ಆ ವರ್ಷ ಕೃಷ್ಣೆ ತುಂಬಿ ಬಂದು ಕಕ್ಕೇರಾದಾಚೆ ದಂಡೆಯ ಹರಿಗೋಲುಗಳನ್ನು ಸೆಳೆದುಕೊಂಡು ಹೋಗಿದ್ದಳು. ಹರಿಗೋಲಿಗೆ ವರ್ಷವರ್ಷ ಸರಕಾರಕ್ಕೆ ಪಟ್ಟಿ, ಅಂದರೆ ತೆರಿಗೆ, ಕಟ್ಟಬೇಕು, ಕಟ್ಟದಿದ್ದರೆ ನೀರಿಗೆ ಇಳಿಸುವಂತಿಲ್ಲ. ಹರಿಗೋಲೇ ಇಲ್ಲದ ಮೇಲೆ ಪಟ್ಟಿ ಎಲ್ಲಿಂದ ಬರಬೇಕು? ಬಾಕಿ ಉಳಿಯಿತು. ವಸೂಲಿಯನ್ನು ಬರುವ ವರ್ಷದವರೆಗೆ ತಡೆಯಿರಿ ಎಂದು ಮೇಲಿನಿಂದ ಹುಕುಮು ಬಂತು. ವಸೂಲಿ ನೋಡುವ ಗಿರ್ದಾವರ ಸಾಹೇಬರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, "ಮುಲ್ತವಿ ಬೋಲ್. ಮಾಫ್ ನಕೋ ಬೋಲ್," ಅಂದರು. ತಡೆದಿದೆ ಅನ್ನು, ಬಿಟ್ಟಿದೆ ಅನ್ನಬೇಡ. ಕೇಳಿಸಲಿಲ್ಲ, ತಿಳಿಯಲಿಲ್ಲ ಎಂದು ಜಾರಿಕೊಳ್ಳುವ ದಾರಿ ನನಗಿಲ್ಲ.

ಹೊಳೆದಂಡೆಯ ಆ ಊರಿನ ಕಟ್ಟೆ ಹತ್ತಿ ನಿಂತೆ. ನಾನಿನ್ನೂ ಸರಕಾರದ ದೊಡ್ಡ ದೊಡ್ಡ ಹೆಸರು ಒದರುತ್ತಿದ್ದೆ, ಮುದುಕಿಯೊಬ್ಬಳು ನಡುವೆಯೇ ತಡೆದಳು.

"ಅದೆಲ್ಲಾ ಇರ್ಲಿ ತಮ್ಮಾ. ಕೊಡಬೇಕೋ, ಬ್ಯಾಡೋ, ಅಷ್ಟ ಹೇಳು."

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅಷ್ಟು ಕಣ್ಣು...

"ಬ್ಯಾಡ ಆಯಿ. ಮಾಫ್ ಆಗ್ಯಾದ."

ಹಲಗೆಯವನು ತಾನಾಗಿಯೇ ಬಡಿಯತೊಡಗಿದ. ಹೆಂಗಸರು ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಂಬಿಗರ ಹಿರಿಯ ಮಲ್ಲಪ್ಪ ಓಡಿಹೋಗಿ, ಇನ್ನೂ ಬಾಲ ಬಡಿಯುತ್ತಿದ್ದ ಮೀನೊಂದನ್ನು ತಂದು ನನ್ನ ಕೈಗಿಟ್ಟ. "ಈ ಬಾಯಿಗಿ ಸಕ್ರಿ ಹಾಕಬೇಕ್ರಿ ಶರಣಪ್ಪ. ನಮ್ಮಲ್ಲಿ ಸಕ್ರಿ ಎಲ್ಲೈತಿ, ಮೀನ ತಗೋರಿ," ಅಂದ. ಆ ದಿನದ ಹಿಗ್ಗು ನನಗೆ ಮತ್ತೆ ಸಿಕ್ಕಿಲ್ಲ. ತಡೆದವರು ನಾಳೆ ಬಿಟ್ಟೂಬಿಡುತ್ತಾರೆ, ನಾನು ಒಂದು ವರ್ಷ ಮುಂಚೆ ಹೇಳಿದಂತಾಯಿತು — ಹೀಗೆ ನನಗೆ ನಾನೇ ಹೇಳಿಕೊಂಡು ದಾರಿಯುದ್ದಕ್ಕೂ ಹಾಡುತ್ತ ಬಂದೆ. ಮಲ್ಲಪ್ಪ ಪಟ್ಟಿಗೆಂದು ಅಷ್ಟಿಷ್ಟು ಕೂಡಿಸಿಟ್ಟಿದ್ದ ದುಡ್ಡಿಗೆ ಬಿದಿರು ತಂದ, ತೊಗಲು ತಂದ, ಹೊಸ ಹರಿಗೋಲು ಹೆಣೆದ. ಊರೆಲ್ಲ ಹಾಗೆಯೇ ಮಾಡಿತು.

ಬಿಡಲಿಲ್ಲ. ಮರುವರ್ಷ ನೀರಿಳಿದ ಮೇಲೆ ಗಿರ್ದಾವರರು ಲಾಠಿಯವರನ್ನು ಕಟ್ಟಿಕೊಂಡು ಹೊರಟರು, ಎರಡೂ ವರ್ಷದ ಪಟ್ಟಿಗೆ. ನನ್ನನ್ನೂ ಕರೆದೊಯ್ದರು.

ಮಲ್ಲಪ್ಪ ನನ್ನನ್ನು ಕಂಡು ನಕ್ಕ. ನೋಡಿ, ನಕ್ಕ. "ಹ್ವಾದ ವರ್ಷದ್ದು ಮಾಫ್ ಆಗ್ಯಾದಲ್ರಿ ಸಾಹೇಬ್ರ. ಇವರೇ ಬಂದು ಕೂಗ್ಯಾರ."

ಸಾಹೇಬರು ನನ್ನ ಕಡೆ ತಿರುಗಿದರು. ಏನು ಕೂಗಿದ್ದೆ ಎಂದು ಕೇಳಿದರು. ನೌಕರಿ, ಜೈಲು, ಮೈಮೇಲೆ ಬೀಳುವ ಲಾಠಿ, ಎಲ್ಲ ಒಮ್ಮೆಲೆ ಕಣ್ಮುಂದೆ ಬಂದವು. "ಮುಲ್ತವಿ ಅಂತ ಕೂಗೀನ್ರಿ," ಅಂದೆ.

"ಶರಣಪ್ಪ, ನನ್ನ ಮಾರಿ ನೋಡಿ ಹೇಳ್ರಿ."

ನೋಡಿದೆ. ನೋಡಿಯೇ ಹೇಳಿದೆ: "ಇವ ಸುಳ್ಳ ಹೇಳಾಕತ್ಯಾನ್ರಿ."

ಅವನ ಮನೆಯ ಬೀಸುಕಲ್ಲನ್ನೇ ಹೊತ್ತು ತಂದರು. ಕಾದ ಮರಳಿನಲ್ಲಿ ಅವನನ್ನು ಬಗ್ಗಿಸಿ ಬೆನ್ನ ಮೇಲೆ ಹೇರಿದರು. ಅಲುಗಿದಾಗಲೆಲ್ಲ ಮೊಣಕಾಲ ಹಿಂದೆ ಲಾಠಿ. ಮೂಗಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಮರಳು ಅದನ್ನು ಕುಡಿದುಬಿಡುತ್ತಿತ್ತು. ಅಷ್ಟನ್ನೂ ಅವನು ತಾಳಿಕೊಂಡ. ಲಾಠಿಯವರಲ್ಲೊಬ್ಬ ಹೋಗಿ ಹೊಸ ಹರಿಗೋಲಿನ ತೊಗಲಿಗೆ ಚೂರಿ ಹಾಕಿ ಪರ್ರನೆ ಸೀಳಿದ. ಆ ಸದ್ದಿಗೆ ಮಲ್ಲಪ್ಪ ಕಲ್ಲು ಕೆಡವಿ ಎದ್ದ, ಹುಟ್ಟು ಎತ್ತಿಕೊಂಡು ಚೂರಿಯವನ ಹೆಗಲಿಗೆ ಹೊಡೆದ. ಎಲುಬು ಮುರಿದದ್ದು ನನಗೂ ಕೇಳಿಸಿತು. ಆಮೇಲೆ ಎಲ್ಲರೂ ಅವನ ಮೇಲೆ ಬಿದ್ದರು. ಬಿದ್ದ ಮೇಲೂ ಹೊಡೆದರು, ಹಣೆ ಒಡೆದ ಮೇಲೂ. ಬಿಡಿಸಲು ಬಂದ ಹುಡುಗರನ್ನು ನೀರಿನವರೆಗೆ ಅಟ್ಟಿಸಿಕೊಂಡು ಹೋಗಿ ತಲೆ ಮುಳುಗಿಸಿ ಹೊಡೆದರು.

ಅವನ ಹೆಂಡತಿ ಗಂಗವ್ವ ಚೀರುತ್ತ ನುಗ್ಗಿದಳು. "ಹಿಡಿ ಅವಳನ್ನ," ಅಂದರು ಸಾಹೇಬರು. ಹಿಡಿದೆ. ಎರಡೂ ರಟ್ಟೆ ಹಿಂದಕ್ಕೆ ತಿರುಚಿ ಹಿಡಿದೆ. ಆಕೆ ನನ್ನ ಮುಂಗೈಯನ್ನು ಹಲ್ಲಿಳಿಯುವಂತೆ ಕಚ್ಚಿದಳು. ಬಿಡಲಿಲ್ಲ. ತನ್ನ ಗಂಡ ಸಾಯುವುದನ್ನು ಆಕೆ ನನ್ನ ತೋಳಿನೊಳಗಿಂದಲೇ ನೋಡಿದಳು.

ಮುಂದೆ ಸರಕಾರ ಆ ದಂಡೆಯ ಬಾಕಿಯನ್ನು ವಸೂಲಾಗದ್ದು ಎಂದು ಹೊಡೆದುಹಾಕಿತು. ಈ ಸಲ ಮಾಫ್, ನಿಜವಾದ ಮಾಫ್. ಕೂಗಲು ಕಳಿಸಿದ್ದು ನನ್ನನ್ನೇ. ಅದೇ ಕಟ್ಟೆಯ ಮೇಲೆ ನಿಂತು ಕೂಗಿದೆ. ಒಂದು ಬಾಗಿಲೂ ತೆರೆಯಲಿಲ್ಲ. ಕೊನೆಗೆ ಗಂಗವ್ವ ಬಂದಳು, ಕೈಯಲ್ಲಿ ನೀರಿನ ಚರಿಗೆ.

"ಕಚ್ಚಿದ್ದು ಮಾಯ್ತೇನು?" ಅಂದಳು. ನಾನು ಕೈ ಹಿಂದೆ ಮಾಡಿಕೊಂಡೆ. "ನಿನ್ನ ಮ್ಯಾಲ ಸಿಟ್ಟಿಲ್ಲ ಅಣ್ಣಾ. ಅವರು ಕೊಟ್ಟ ಮಾತ ತಿರಿವಿದ್ರು, ನೀ ಅಂಜಿದಿ. ಆವತ್ತ ನೀ ಹಿಡದಿ ಅಂತ ನಾ ಉಳದೀನಿ."

ಊರು ಹಾಗೆ ತಿಳಿದುಕೊಂಡಿತ್ತು. ಮಾಫ್ ಅಂದದ್ದು ಸರಕಾರ, ತಿರುಗಿದ್ದೂ ಸರಕಾರ, ಶರಣಪ್ಪ ಪಾಪದವನು. ಆಕೆಯನ್ನು ಹಿಡಿದದ್ದು ಲಾಠಿಗೆ ಸಿಗದಿರಲಿ ಅಂತ! ಬಾಯಿ ತೆರೆಯಬೇಕಿತ್ತು. ಚರಿಗೆ ಇಸಿದುಕೊಂಡು ನೀರು ಕುಡಿದೆ.

ಅಷ್ಟಕ್ಕೇ ಬಿಟ್ಟೆನೇ? ನಿಜಾಮನ ಆಳಿಕೆ ಹೋದ ಮೇಲೆ ಶಹಾಪುರದಲ್ಲಿ, ಸುರಪುರದಲ್ಲಿ, ಕೂತಲ್ಲೆಲ್ಲ ಈ ಕಥೆ ಹೇಳಿದ್ದೇನೆ — ಮಾತು ಕೊಟ್ಟು ತಪ್ಪಿದ ಸರಕಾರದ ಕಥೆ. ಮುಂಗೈ ತೋರಿಸಿದ್ದೇನೆ. ಸೀಳಿದ ತೊಗಲಿನ ಸದ್ದನ್ನು ಬಾಯಿಯಲ್ಲಿ ಮಾಡಿ ತೋರಿಸಿದ್ದೇನೆ. ಕೇಳಿದವರು ಅತ್ತಿದ್ದಾರೆ, ನನಗೆ ಚಹಾ ಕುಡಿಸಿದ್ದಾರೆ. ಹೊಡೆದವರ ಪಾಪ ಹೊಡೆದವರಿಗಿರಲಿ. ಅವರು ಆಡದ ಸುಳ್ಳನ್ನೂ ಅವರ ತಲೆಗೆ ಕಟ್ಟಿ, ಸತ್ತವನನ್ನು ಕಥೆ ಮಾಡಿಕೊಂಡು ಚಹಾ ಕುಡಿದವನು ನಾನು.

ಗಂಗವ್ವ ಇದ್ದಾಳೆ. ವಡಗೇರಾದಲ್ಲಿ ಮಗಳ ಮನೆಯಲ್ಲಿದ್ದಾಳಂತೆ, ಕಿವಿ ಮಂದವಾಗಿದೆಯಂತೆ. ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಕೇಳಿಸದಿದ್ದರೆ ಕೂಗಿಯೇ ಹೇಳಬೇಕಾದೀತು, ಓಣಿಯೂ ಕೇಳಲಿ. ಸರಕಾರ ಮುಲ್ತವಿ ಅಂದಿತ್ತವ್ವ, ಮಾಫ್ ಅಂದವನು ನಾನು. ನಿನ್ನನ್ನು ಉಳಿಸಬೇಕಂತ ಹಿಡಿಯಲಿಲ್ಲ, ಹಿಡಿ ಅಂದರು, ಹಿಡಿದೆ. ಇಷ್ಟೇ. ಆಮೇಲೆ ಆಕೆ ಏನು ಮಾಡಿದರೂ ಕೈ ಹಿಂದೆ ಮಾಡಿಕೊಳ್ಳುವುದಿಲ್ಲ. ಮಾಫ್ ಮಾಡು ಎಂದೂ ಕೇಳುವುದಿಲ್ಲ. ಆ ಮಾತನ್ನು ಆಕೆಯ ಎದುರು ಇನ್ನೊಮ್ಮೆ ಆಡುವ ಬಾಯಿ ನನಗಿಲ್ಲ.