ನೀರಿನ ತೊಟ್ಟಿಯ ಪಕ್ಕದ ಬ್ಯಾಡ್ಜರ್

ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾದ ಹೊರವಲಯದಲ್ಲಿ ನಾವು ಬಾಡಿಗೆಗಿರುವ ಮನೆಯ ಬೇಲಿಯಾಚೆಗೇ ಹಸುಗಳು ಮೇಯುವ ಹುಲ್ಲುಗಾವಲು. ಅವುಗಳ ಒಡತಿ ಎಪ್ಪತ್ತು ದಾಟಿದ, ಮಿತಮಾತಿನ ಹೆಂಗಸು. ಕಳೆದ ಬೇಸಿಗೆಯಲ್ಲಿ ನಾನು ಅವರ ಹಿಂಡನ್ನು ಕಾಪಾಡಲು ಹೊರಟೆ.

ಊರಿಂದ ಬಂದ ಮರುದಿನ ಅದು. ಸಂಜೆ ಏಳಾದರೂ ಬಿಸಿಲು. ಮುಖದ ಮೇಲೆ ಕಪ್ಪುಬಿಳಿ ಪಟ್ಟೆಯಿದ್ದ ಗಿಡ್ಡ ಕಾಲಿನ ಪ್ರಾಣಿಯೊಂದು ಹಸುಗಳ ನೀರಿನ ತೊಟ್ಟಿಯ ಪಕ್ಕ ನೆಲ ಕೆದಕುತ್ತಿತ್ತು.

"ಗ್ರೆವ್ಲಿಂಗ್!" ಎಂದು ಮಗಳು ಕಿಟಕಿಯಲ್ಲಿ ಕುಣಿದಳು. ಅಂದರೆ ಬ್ಯಾಡ್ಜರ್, ನಮ್ಮ ತರಕರಡಿಯ ದೂರದ ನೆಂಟ. ಇಂಗ್ಲೆಂಡಿನಲ್ಲಿ ಇದು ದನಗಳಿಗೆ ಕ್ಷಯ ಹಬ್ಬಿಸುತ್ತದೆಂದು ಎಲ್ಲೋ ಓದಿದ್ದೆ. ಅಷ್ಟು ಸಾಕಾಯಿತು.

"ಸುಮ್ನಿರಿ, ಅವ್ರಿಗೆ ಗೊತ್ತಿರಲ್ವಾ?" ಎಂದಳು ಹೆಂಡತಿ.

"ಟಿಬಿ ಕಣೇ! ರಿಸ್ಕ್ ತಗೊಳ್ಳಕ್ಕಾಗುತ್ತಾ?" ಎಂದು ಬೂಟು ಮೆಟ್ಟಿಕೊಂಡು ಓಡಿದೆ.

ಒಡತಿ ಕೊಟ್ಟಿಗೆಯ ಬಾಗಿಲಲ್ಲಿದ್ದರು. ಹರುಕು ಸ್ವೀಡಿಷ್‌ನಲ್ಲಿ ವಿಷಯ ತಿಳಿಸಿದೆ. ಕೆಮ್ಮಿಗೆ ಪದ ಸಿಗದೆ ಕೆಮ್ಮಿಯೇ ತೋರಿಸಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ನಮ್ಮ ದನಗಳಲ್ಲಿ ಆ ರೋಗ ಹೋಗಿ ಎಷ್ಟೋ ಕಾಲ ಆಯ್ತು," ಎಂದು ನನ್ನನ್ನೇ ದಿಟ್ಟಿಸಿದರು. "ನೀನು ಯಾವಾಗ ವಾಪಸ್ ಬಂದೆ?"

"ನಿನ್ನೆ."

"ಅಲ್ಲಿ ಹಸು ಮುಟ್ಟಿದ್ಯಾ?"

ಮುಟ್ಟುವುದೇನು, ಕೋಲಾರದ ಅಕ್ಕನ ಮನೆಯಲ್ಲಿ ವಾರವಿಡೀ ಕೊಟ್ಟಿಗೆ ಬಾಚಿದ್ದೆ. ಹೆಮ್ಮೆಯಿಂದ ಫೋಟೊ ತೋರಿಸಿದೆ. ಅವರು ಅದನ್ನು ಬೆರಳಿನಿಂದ ಹಿಗ್ಗಿಸಿ ನೋಡಿದ್ದು ಹಸುವನ್ನಲ್ಲ, ನನ್ನ ಕಾಲನ್ನು.

"ಇದೇ ಬೂಟಲ್ವಾ?"

ಇದೇ ಬೂಟು.

"ಗ್ರೆವ್ಲಿಂಗ್ ಇಂಡಿಯಾಗೆ ಹೋಗಿಲ್ಲ. ನೀನು ಹೋಗಿದ್ದೀಯ. ಎರಡು ದಿನ ಗೇಟು ದಾಟಿ ಒಳಗೆ ಬರಬೇಡ," ಎಂದು ಬಕೆಟ್ಟು, ಬ್ರಷ್ಷು, ಮೂಗಿಗೆ ಅಡರುವ ಔಷಧಿಯ ನೀರು ತಂದು ಗೇಟಿನಾಚೆ ಇಟ್ಟರು.

ನಾನು ರಸ್ತೆಬದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬೂಟು ಉಜ್ಜಿದೆ. ಬ್ಯಾಡ್ಜರ್ ತನ್ನ ಪಾಡಿಗೆ ಎರೆಹುಳ ತಿನ್ನುತ್ತಿತ್ತು. ಬರಿಗಾಲಲ್ಲಿ ಮನೆಗೆ ಬಂದಾಗ ಹೆಂಡತಿ, "ಎಷ್ಟು ಹಸು ಉಳಿಸಿದ್ರಿ?" ಎಂದು ಮಾತ್ರ ಕೇಳಿದಳು. ನಿಜಕ್ಕೂ ಅವಮಾನವಾಗಿತ್ತು.

ಮೂರನೆಯ ದಿನ ಒಡತಿಯೇ ಬೇಲಿಯ ಬಳಿ ಬಂದರು. ಕೆಲಸದವನು ರಜೆಯ ಮೇಲೆ ಹೋಗಿದ್ದನಂತೆ. "ಫೋಟೊದಲ್ಲಿ ಸಲಿಕೆ ಹಿಡಿದಿದ್ದು ಸರಿಯಾಗೇ ಇತ್ತು. ಶನಿವಾರ ಬಾ," ಎಂದರು.

ಕೆಲಸದವನು ಮರಳಿ ಬಂದ ಮೇಲೂ ಶನಿವಾರ ತಪ್ಪಿಲ್ಲ. ಅವರ ಹಸುಗಳಿಗೆ ಕನ್ನಡದಲ್ಲೇ "ಏಯ್, ಆ ಕಡೆ ಸರಿ" ಎನ್ನುತ್ತೇನೆ. ಸರಿಯುತ್ತವೆ. ಮನೆಯಲ್ಲಿ ಮಗಳಿಗೆ ಅದನ್ನೇ ಹೇಳಿದರೆ, ಯಾಕೆಂದು ಸ್ವೀಡಿಷ್‌ನಲ್ಲಿ ಕೇಳುತ್ತಾಳೆ.