ಮಾರ್ಥಾಬಾಯಿಯ ತಾಳ

ಉದ್ಗೀರಿನ ನಮ್ಮ ಚರ್ಚಿನಲ್ಲಿ ಆ ಭಾನುವಾರ ಹಾಡು ಎತ್ತುವವರೇ ಇಲ್ಲದೆ ಮುಖ ಮುಖ ನೋಡಿಕೊಂಡೆವು. ಸದಾ ಮೊದಲ ಸಾಲು ಎತ್ತಿಕೊಡುತ್ತಿದ್ದ ಮಾರ್ಥಾಬಾಯಿ, ಗಂಟಲಿನ ಗಡ್ಡೆ ತೆಗೆಸಿ ದನಿ ಕಳೆದುಕೊಂಡ ಮೇಲೆ ಅಂದೇ ಮೊದಲ ಸಲ ಬಂದು ಜಮಖಾನೆಯ ಮೇಲೆ ಕೂತಿದ್ದರು. ಅವರೆದುರು ಹಾಡಲು ಯಾರಿಗೂ ಬಾಯಿ ಬರಲಿಲ್ಲ.

ಆಗ ಅವರೇ ಚೀಲದಿಂದ ತಾಳ ತೆಗೆದು ಬಾರಿಸತೊಡಗಿದರು. ಆ ಪೆಟ್ಟಿನಿಂದಲೇ ಯಾವ ಹಾಡೆಂದು ನಮಗೆಲ್ಲ ಗೊತ್ತಾಯಿತು. ಕನ್ನಡದವರು, ಮರಾಠಿಯವರು ಕೂಡಿ ತಗಡಿನ ಸೂರು ಅದುರುವಂತೆ ಹಾಡಿದೆವು.

ಮುಗಿದ ಮೇಲೆ ಸಮಾಧಾನ ಹೇಳಲು ಹೋದ ನನಗೆ ಅವರು ಉಸಿರಿನಲ್ಲೇ ಗದರಿದರು: “ಡಾಕ್ಟರು ದನಿ ಅಷ್ಟೇ ತಗೊಂಡಾರ ರೀ. ಯೇಸಪ್ಪ ಇಲ್ಲೇ ಹಾನ. ನೀವ್ಯಾಕ ಸುಮ್ಮ ಕುಂತಿದ್ರಿ?”

ಮುಂದಿನ ತಿಂಗಳು ನಿಲಂಗಾದ ಆಸ್ಪತ್ರೆಯಲ್ಲಿ ನನ್ನನ್ನೇ ಆಪರೇಷನ್ನಿಗೆ ಒಯ್ಯುವಾಗ, ನನ್ನ ಬೆರಳುಗಳು ಸ್ಟ್ರೆಚರಿನ ಕಂಬಿಯ ಮೇಲೆ ಅದೇ ತಾಳ ಹಾಕುತ್ತಿದ್ದವು.